ಪೆನ್ನಿನಲ್ಲಿ ಬರೆದ ಸೊನ್ನೆ

ಆಸ್ಪತ್ರೆಯ ಫಿಸಿಯೊಥೆರಪಿ ಕೋಣೆಯಲ್ಲಿ ಆಕೆಗೆ ಹೆಬ್ಬೆರಳಮ್ಮ ಎಂದೇ ಹೆಸರು. ಇಪ್ಪತ್ತೆರಡು ವರ್ಷ ಕಂಡವರ ಕಾಲು ಒತ್ತಿ ಒತ್ತಿ ಬಲಗೈ ಹೆಬ್ಬೆರಳು ಹಿಂದಕ್ಕೆ ಬಾಗಿತ್ತು. ನೋವಿನ ಜಾಗ ಸಿಕ್ಕಿದೊಡನೆ ಚರ್ಮದ ಮೇಲೆ ಪೆನ್ನಿನಿಂದ ಸೊನ್ನೆ ಬರೆದು ಸ್ಕ್ಯಾನಿಂಗಿಗೆ ಕಳಿಸುವುದು ಆಕೆಯ ಪದ್ಧತಿ. ಆ ಸೊನ್ನೆ ಕಂಡರೆ ಸ್ಕ್ಯಾನಿಂಗ್ ಡಾಕ್ಟರಿಗೆ ಮೈಯೆಲ್ಲ ಉರಿ. ಮೊದಲು ಅದನ್ನೇ ಒರೆಸಿಹಾಕುತ್ತಿದ್ದರು.

ಆ ಶುಕ್ರವಾರ ಬಂದವನು ಆಕೆಯ ಮೈದುನ, ಬೀದಿದೀಪ ರಿಪೇರಿಯವನು. ಹದಿನೈದು ದಿನದ ಹಿಂದೆ ಏಣಿಯಿಂದ ಜಿಗಿದು ಎಡಗಾಲಿನ ಮೀನಖಂಡ ನೋಯಿಸಿಕೊಂಡಿದ್ದ. ಸೋಮವಾರದೊಳಗೆ ಏಣಿ ಹತ್ತಬಹುದೆಂಬ ಚೀಟಿ ಒಯ್ದರೆ ತಂಡದ ಮೇಸ್ತ್ರಿಗಿರಿ ಅವನದು, ಇಲ್ಲವಾದರೆ ಇನ್ನೊಬ್ಬನದು. ಅತ್ತಿಗೆ ಮೈದುನರಿಗೆ ಮೊದಲಿಂದಲೂ ಆಗಿಬರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಗೆಳೆಯರೆದುರು ಆಕೆಯನ್ನು ಅವನು "ನಮ್ಮಣ್ಣ ತಂದಿರೋ ಕಾಲೊತ್ತೋಳು" ಎಂದಿದ್ದ. ಎಲ್ಲರೂ ನಕ್ಕಿದ್ದರು, ಗಂಡನೂ ಸೇರಿ. ಆಕೆ ಮರೆತಿರಲಿಲ್ಲ.

"ಮಂಡಿ ನೆಟ್ಟಗಿಟ್ಟು ಹಿಮ್ಮಡಿ ಎತ್ತು."

ಇಪ್ಪತ್ತು ಸಲ ಎತ್ತಿದ. "ನೋಡಿದ್ರಾ? ಚೀಟಿ ಬರೀರಿ."

"ಈಗ ಮಂಡಿ ಬಗ್ಗಿಸಿ ಎತ್ತು."

ಮೂರನೆಯದಕ್ಕೇ ತುಟಿ ಕಚ್ಚಿದ. ಆಕೆ ಹೆಬ್ಬೆರಳನ್ನು ಆಳಕ್ಕೆ ಊರಿದಳು. ಅವನು ಚೀರಿದ. ಸೊನ್ನೆ ಬರೆದಳು.

ಅರ್ಧ ಗಂಟೆಗೆ ರಿಪೋರ್ಟ್ ಹಿಡಿದು, ಮುಖ ಅರಳಿಸಿಕೊಂಡು ಬಂದ. "ಏನೂ ಇಲ್ವಂತೆ. ಹಳೇ ಸಿಟ್ಟನ್ನ ನನ್ನ ಕಾಲಿನ ಮೇಲೆ ತೀರಿಸ್ಕೋತಿದೀರಾ ಅತ್ತಿಗೆ?"

ಬೆರಳು ಇನ್ನೂ ಸ್ವಲ್ಪ ಹಗುರವಾಗಿ ಒತ್ತಬಹುದಿತ್ತು. ಅದು ಆಕೆಗೂ ಗೊತ್ತಿತ್ತು. ಆದರೆ ಮಂಡಿ ಬಗ್ಗಿಸಿದಾಗ ಮಾತ್ರ ಬರುವ ನೋವು ಒಳಗಿನ ಸ್ನಾಯುವಿನದು. ಅವನ ತೋಳು ಹಿಡಿದು ಸ್ಕ್ಯಾನಿಂಗ್ ಕೋಣೆಗೆ ನಡೆದಳು.

"ಮತ್ತೆ ಏನಮ್ಮ?" ಎಂದರು ಡಾಕ್ಟರು.

"ಬೆಳಿಗ್ಗೆಯಿಂದ ಯಾರ‍್ಯಾರನ್ನ ನೋಡಿದ್ರಿ ಡಾಕ್ಟ್ರೇ?"

"ಮಕ್ಕಳನ್ನ. ಏನೀಗ?"

"ಮೆಷಿನ್ ನೋಡೋ ಆಳ ಇನ್ನೂ ಮಕ್ಕಳಿಗಿಟ್ಟಿದ್ದೇ ಇದೆ. ಎರಡು ಸೆಂಟಿಮೀಟರ್. ಇವನ ಕಾಲು ನೋಡಿ, ದೀಪದ ಕಂಬ ಇದ್ದಂಗಿದೆ."

ಡಾಕ್ಟರು ಪರದೆಯ ಮೂಲೆಯ ಅಂಕಿ ನೋಡಿದರು. ಗುಂಡಿ ತಿರುಗಿಸಿ, ಒರೆಸಿದ್ದ ಸೊನ್ನೆಯ ಮಸುಕು ಕಲೆಯ ಮೇಲೆ ಜೆಲ್ ಸುರಿದರು. ಮೇಲಿನ ಸ್ನಾಯು ಸರಿಯಾಗಿತ್ತು. ಅದರಡಿಯ ಸ್ನಾಯುವಿನಲ್ಲಿ, ಹೆಬ್ಬೆರಳಿನಷ್ಟೇ ಉದ್ದದ ಕಪ್ಪು ಸೀಳು. ಹೊಸ ರಿಪೋರ್ಟ್ ಬರೆದು ಮೇಜಿನ ಮೇಲೆ ಎಸೆದರು.

"ಎಷ್ಟು ದಿನ?" ಮೈದುನ ಕೇಳಿದ.

"ಆರು ವಾರ. ಏಣಿ ಮುಟ್ಟೋ ಹಾಗಿಲ್ಲ" ಎಂದಳು ಅತ್ತಿಗೆ.

"ಸಂತೋಷ ಆಯ್ತಾ?"

"ಆಯ್ತು" ಎಂದಳು. ಸುಳ್ಳು ಹೇಳುವ ಅಭ್ಯಾಸ ಆಕೆಗಿರಲಿಲ್ಲ. "ಬಿಟ್ಟಿದ್ರೆ ಏಣಿ ಮೇಲೇ ಪೂರ್ತಿ ಹರಿದಿರೋದು. ಆಗ ಮೇಸ್ತ್ರಿಗಿರಿನೂ ಇಲ್ಲ, ಕೆಲಸಾನೂ ಇಲ್ಲ."

ಸೋಮವಾರ ಇನ್ನೊಬ್ಬ ಮೇಸ್ತ್ರಿಯಾದ. ಮಂಗಳವಾರ ಒಂಬತ್ತಕ್ಕೆ ಸರಿಯಾಗಿ ಮೈದುನ ಬಂದು ಕುರ್ಚಿಯಲ್ಲಿ ಕೂತ. ಆಕೆ ನೋವಿಲ್ಲದಷ್ಟೇ ಎತ್ತರ ತೋರಿಸಿದಳು. ಅವನು ಹಿಮ್ಮಡಿ ಎತ್ತಿದ.

"ಒಂದು. ಶನಿ. ಎರಡು. ಮಾರಿ. ಮೂರು..."

"ನಿಧಾನ" ಎಂದಳು ಆಕೆ. "ಬೈಗುಳ ಬೇಕಾದ್ರೆ ಬೇಗ ಬರಲಿ. ಕಾಲು ನಿಧಾನ ಇಳಿಸು."