ಮೂರು ಅಡಿ ಕಡಿಮೆಯಾದ ರ‍್ಯಾಂಪು

೧೯೯೯ರಲ್ಲಿ ನಾನು ಸ್ಯಾನ್ ಮಟಿಯೋದ ದಕ್ಷಿಣಕ್ಕಿರುವ ಸಣ್ಣ ನಗರವೊಂದರ ಕಟ್ಟಡ ಇಲಾಖೆಯಲ್ಲಿ ಪ್ಲ್ಯಾನ್ ಚೆಕರ್ ಆಗಿದ್ದೆ. ನಕ್ಷೆಗಳು ನಿಯಮಕ್ಕೆ ಸರಿಯಾಗಿವೆಯೇ ಎಂದು ನೋಡಿ ಸಹಿ ಹಾಕುವ ಕೆಲಸ. ಇಂಟರ್‌ನೆಟ್ ಕಂಪನಿಗಳು ದಿನಕ್ಕೊಂದರಂತೆ ಹುಟ್ಟುತ್ತಿದ್ದ ಡಾಟ್‌ಕಾಂ ಭರಾಟೆಯ ದಿನಗಳವು. ಎಷ್ಟು ನೋಡಿದರೂ ಮೇಜಿನ ಮೇಲಿನ ನಕ್ಷೆಯ ಸುರುಳಿಗಳು ಕರಗುತ್ತಿರಲಿಲ್ಲ.

ನಗರದ ವಾಸ್ತುಶಿಲ್ಪಿ ಡೆರೆಕ್ ಎಂಬ ಬ್ರಿಟಿಷರು. ಇಂಗ್ಲೆಂಡಿನ ಪುರಸಭೆಯೊಂದರಲ್ಲಿ ಶಾಲೆ, ಈಜುಕೊಳಗಳಿಂದ ಶುರುಮಾಡಿ, ಜಾಂಬಿಯಾದಲ್ಲಿ ಆಸ್ಪತ್ರೆ, ಹಾಂಗ್‌ಕಾಂಗಿನಲ್ಲಿ ಮಾರುಕಟ್ಟೆ ಕಟ್ಟಿ, ಮಗಳಿದ್ದಾಳೆಂದು ಇಲ್ಲಿಗೆ ಬಂದವರು. ವಯಸ್ಸು ಅರವತ್ತೇಳು. ನಗರದ ಹೊಸ ಗ್ರಂಥಾಲಯ ಅವರ ಕೊನೆಯ ಕಟ್ಟಡ. ಅದು ತೆರೆಯುವ ವಾರವೇ ಅವರ ನಿವೃತ್ತಿ.

ಉದ್ಘಾಟನೆಗೆ ಹನ್ನೆರಡು ದಿನವಿದ್ದಾಗ ಕೊನೆಯ ತಪಾಸಣೆಗೆ ಹೋದೆ. ಗಾಲಿಕುರ್ಚಿಯವರಿಗಾಗಿ ಕಟ್ಟಿದ ಇಳಿಜಾರು ಹಾದಿ, ಅಂದರೆ ರ‍್ಯಾಂಪು, ಯಾಕೋ ಕಡಿದಾಗಿ ಕಂಡಿತು. ಒಂದು ಇಂಚು ಏರಲು ಹನ್ನೆರಡು ಇಂಚು ಉದ್ದ ಬೇಕೆಂಬುದು ನಿಯಮ. ಬಾಗಿಲು ಮೂವತ್ತು ಇಂಚು ಎತ್ತರದಲ್ಲಿತ್ತು, ರ‍್ಯಾಂಪು ಮೂವತ್ತು ಅಡಿ ಇರಬೇಕಾದಲ್ಲಿ ಇಪ್ಪತ್ತೇಳೇ ಅಡಿ. ಆಫೀಸಿಗೆ ಬಂದು ನಕ್ಷೆ ಬಿಡಿಸಿದೆ. ಮಳೆನೀರು ಒಳಬಾರದೆಂದು ನೆಲವನ್ನು ಮೂರು ಇಂಚು ಎತ್ತರಿಸಿದಾಗ ಡೆರೆಕ್ ರ‍್ಯಾಂಪನ್ನು ಉದ್ದ ಮಾಡಲು ಮರೆತಿದ್ದರು. ಹಾಳೆಯ ಮೂಲೆಯಲ್ಲಿ ನನ್ನ ಸಹಿಯಿತ್ತು. ನನ್ನ ಗ್ರೀನ್ ಕಾರ್ಡಿನ ಅರ್ಜಿಯೂ ಅದೇ ಇಲಾಖೆಯ ಮೂಲಕವೇ ಹೋಗಬೇಕಿತ್ತು.

ಗುತ್ತಿಗೆದಾರರ ಇಂಜಿನಿಯರ್ ಮಂಗಳೂರಿನ ಶೆಟ್ಟಿಯವರಿಗೆ ಹೇಳಿದೆ. "ಯಾರು ಮಾರಾಯ್ರೆ ಟೇಪು ಹಿಡಿದು ನೋಡೋದು? ಕಾಂಕ್ರೀಟಿನ ಜನ ಎಲ್ಲ ಮೌಂಟನ್ ವ್ಯೂ ಕಂಪನಿಗಳ ಕ್ಯಾಂಪಸ್ಸುಗಳಲ್ಲಿ ಇದ್ದಾರೆ. ಈಗ ಒಡೆದ್ರೆ ಕಟ್ಟೋರು ಸಿಗ್ಲಿಕ್ಕಿಲ್ಲ," ಎಂದರು. ಅವರು ಹೇಳಿದ್ದು ಸುಳ್ಳಲ್ಲ.

ಮರುದಿನ ಡೆರೆಕ್‌ಗೆ ತಿಳಿಸಿದೆ. ಅವರು ಗ್ರಂಥಾಲಯಕ್ಕೆ ಬಂದು, ಪಕ್ಕದ ವೃದ್ಧರ ಕೇಂದ್ರದಿಂದ ಗಾಲಿಕುರ್ಚಿಯೊಂದನ್ನು ತರಿಸಿ, ಕೋಟು ತೆಗೆದಿಟ್ಟು, ತಾವೇ ಕೂತು ರ‍್ಯಾಂಪು ಏರತೊಡಗಿದರು. ಇನ್ನೇನು ಒಂಬತ್ತು ಹತ್ತು ಅಡಿಯಿದೆ ಎನ್ನುವಾಗ ತೋಳು ಸೋತು ಕುರ್ಚಿ ಹಿಂದಕ್ಕೆ ಜಾರಿತು. ಶೆಟ್ಟಿಯವರೂ ನಾನೂ ಓಡಿ ಹಿಡಿದೆವು. ಉಸಿರು ತಹಬಂದಿಗೆ ಬರುವವರೆಗೆ ಅವರು ಹಾಗೆಯೇ ಕೂತಿದ್ದರು.

"ಒಡೆಯಿರಿ," ಎಂದರು. ಆಮೇಲೆ ನನ್ನತ್ತ ತಿರುಗಿ, "ತಿದ್ದುಪಡಿಯ ನೋಟಿಸು ನೀನೇ ಬರಿ. ತಪ್ಪು ನನ್ನದೆಂದು ಬರಿ."

"ನಾನೂ ಗಮನಿಸಲಿಲ್ಲ."

"ಹಾಗಾದರೆ ಎರಡು ಹೆಸರು ಬರಿ."

ಅವರ ಹೆಸರೊಂದೇ ಸಾಕು ಎನ್ನುತ್ತಾರೇನೋ ಎಂದು ನಾನು ಆಸೆಪಟ್ಟಿದ್ದೆ. ಎರಡೂ ಹೆಸರು ಬರೆದೆ.

ಕೆಲಸಗಾರರು ಸಿಗಲು ಐದು ತಿಂಗಳು ಹಿಡಿಯಿತು, ಉದ್ಘಾಟನೆಯೂ ಅಷ್ಟು ಮುಂದೆ ಹೋಯಿತು. ಡೆರೆಕ್ ನಿಗದಿಯಾದ ದಿನವೇ ನಿವೃತ್ತರಾಗಿ, ಮಗಳು ಇಲ್ಲಿದ್ದರೂ ಇಂಗ್ಲೆಂಡಿಗೆ ಹೋದರು. ಉದ್ಘಾಟನೆಯ ಭಾಷಣಗಳಲ್ಲಿ ಅವರ ಹೆಸರು ಬರಲಿಲ್ಲ. ನನಗೆ ಲಿಖಿತ ಎಚ್ಚರಿಕೆ ಬಂತು. ಗ್ರೀನ್ ಕಾರ್ಡಿನ ಕಡತ ಒಂದು ವರ್ಷ ಅಲುಗಲಿಲ್ಲ. ಉದ್ಘಾಟನೆಯ ದಿನ ಗಾಲಿಕುರ್ಚಿಯ ಮುದುಕಿಯೊಬ್ಬರು ಜೊತೆಗಿದ್ದವಳಿಗೆ ಏನೋ ಹೇಳುತ್ತಾ, ಮಾತು ನಿಲ್ಲಿಸದೆ ಹೊಸ ಇಳಿಜಾರು ಏರಿ ಒಳಗೆ ಹೋದದ್ದನ್ನು ನೋಡಿದೆ.

ಬೇರೆಯವರ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ನನ್ನ ತಪ್ಪನ್ನು ನನ್ನ ಕೈಯಾರೆ ಬರೆಯುವುದನ್ನು ಡೆರೆಕ್ ಕಲಿಸಿದರು. ಬರೆದ ಮೇಲೆ ಮನಸ್ಸು ಹಗುರವಾಯಿತು ಎಂದರೆ ಸುಳ್ಳಾದೀತು, ದಣಿವೇ ಹೆಚ್ಚಾಯಿತು. ಆದರೆ ನಕ್ಷೆಯಲ್ಲಿ ಒಂದು ಅಂಕಿ ಬದಲಾದರೆ, ಅದಕ್ಕೆ ತಾಗಿದ್ದನ್ನೆಲ್ಲ ಮತ್ತೆ ಅಳೆಯದೆ ಮುಂದಿನ ಹದಿನೆಂಟು ವರ್ಷ ನಾನು ಸಹಿ ಹಾಕಲಿಲ್ಲ.