ಹೆಮ್ಮಿಗೆಯಲ್ಲಿ ಎತ್ತಿದ ಕಾಲು

ನನ್ನ ತಂಗಿ ಭರತನಾಟ್ಯ ಮಾಡುತ್ತಿದ್ದ ವರ್ಷಗಳಲ್ಲಿ ಅವಳ ಕಾರ್ಯಕ್ರಮಗಳಿಗೆ ಶ್ರುತಿಪೆಟ್ಟಿಗೆ ಒತ್ತುತ್ತಿದ್ದವಳು ನಾನು. ವೇದಿಕೆಯ ಮೂಲೆಯಲ್ಲಿ, ಮೃದಂಗದವರ ಹಿಂದೆ ಕೂರುತ್ತಿದ್ದೆ. ಹೆಮ್ಮಿಗೆಯಲ್ಲಿ ನಡೆದದ್ದನ್ನು ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ, ಹೇಳಿ ನಗುತ್ತಾರೆ. ನನಗೂ ನಗು ಬರುತ್ತದೆ, ಆದರೆ ಸ್ವಲ್ಪ ತಡವಾಗಿ. ಆ ದಿನ ನನ್ನ ಗಮನ ತಪ್ಪಿ ಶ್ರುತಿ ಕಡಿದು ಕಡಿದು ಹೋಗುತ್ತಿತ್ತು. ಆದ್ದರಿಂದ ಕೂತ ಜಾಗದಿಂದ ನನಗೆ ಏನು ಕಂಡಿತೋ ಅಷ್ಟನ್ನು ಮಾತ್ರ ಬರೆಯುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ತಂಗಿಗೆ ಹದಿನಾರು. ವಾರದ ಕೊನೆಗೆ ನಂಜನಗೂಡಿನಿಂದ ಮೈಸೂರಿಗೆ ಹೋಗಿ ಮೇಷ್ಟರ ಹತ್ತಿರ ಪಾಠ ಹೇಳಿಸಿಕೊಂಡು ಬರುತ್ತಿದ್ದಳು. ಕರೆದಲ್ಲೆಲ್ಲ ಕುಣಿಯುತ್ತಿದ್ದಳು. ಬಿಳಿಗೆರೆ ಕಡೆಯ ಒಂದು ಶಾಲೆಯಲ್ಲಿ ಅವಳು ಅಲರಿಪು ಶುರುಮಾಡಿದಳು. ಅದರಲ್ಲಿ ಮೊದಲು ಕಣ್ಣು ಮತ್ತು ಕತ್ತು ಮಾತ್ರ ಆಡುತ್ತವೆ, ದೇಹ ಅಲುಗುವುದಿಲ್ಲ. ಹುಡುಗಿ ಮರೆತು ನಿಂತುಬಿಟ್ಟಿದ್ದಾಳೆ ಎಂದುಕೊಂಡ ಹೆಡ್‌ಮಾಸ್ಟರು ಮೆಲ್ಲಗೆ ವೇದಿಕೆ ಹತ್ತಿ ಬಂದು, ಹೆದರಬೇಡಮ್ಮ, ನೆನಪಾದಷ್ಟು ಮಾಡು ಎಂದು ಧೈರ್ಯ ಹೇಳಿ ಹೋದರು. ಬನ್ನೂರಿನ ಒಂದು ಮದುವೆಯಲ್ಲಿ ಅವಳು ಕುಣಿಯುತ್ತಿರುವಾಗಲೇ ಎಲೆ ಹಾಕಿದೆ ಎಂದು ಯಾರೋ ಕೂಗಿದರು. ಚಪ್ಪರ ಖಾಲಿಯಾಯಿತು. ಕುರ್ಚಿಯಲ್ಲಿ ನಿದ್ದೆ ಹೋಗಿದ್ದ ಒಬ್ಬ ಮುದುಕರಿಗಾಗಿ ಅವಳು ಉಳಿದ ಪದವನ್ನು ಪೂರ್ತಿ ಅಭಿನಯಿಸಿದಳು. ಹಾಡುತ್ತಿದ್ದ ಮೇಷ್ಟ್ರು ಒಂದು ಸಾಲನ್ನೂ ಬಿಡಲಿಲ್ಲ.

ಇದಕ್ಕೆಲ್ಲ ಮನೆಯಲ್ಲಿ ಒಬ್ಬರ ವಿರೋಧವಿತ್ತು. ನಮ್ಮ ತಾತ, ಅಪ್ಪನ ಅಪ್ಪ, ಹೊಳೆಯ ಕಡೆಗೆ ಹೋಗುವ ಬೀದಿಯಲ್ಲಿದ್ದ ಒಂದು ಸಣ್ಣ ಈಶ್ವರನ ಗುಡಿಯ ಅರ್ಚಕರು. ಮೊಮ್ಮಗಳು ಚಿಕ್ಕವಳಿದ್ದಾಗ ಸುಮ್ಮನಿದ್ದವರು, ಎಸ್ಸೆಸ್ಸೆಲ್ಸಿ ಮುಗಿದದ್ದೇ ಗೆಜ್ಜೆ ಬಿಚ್ಚಿಡಲಿ ಅಂದರು. ಮೇಷ್ಟ್ರು ರಂಗಪ್ರವೇಶದ ಮಾತೆತ್ತಿದ್ದರು. ತಂಗಿ ಊಟ ಬಿಡಲಿಲ್ಲ, ಅಳಲಿಲ್ಲ. ತಾತ ಗುಡಿಗೆ ಹೋದೊಡನೆ ಅಡುಗೆಮನೆಯಲ್ಲಿ ಕಾಲು ತಟ್ಟಿ ಅಭ್ಯಾಸ ಮಾಡುತ್ತಿದ್ದಳು, ಬಂದೊಡನೆ ನಿಲ್ಲಿಸುತ್ತಿದ್ದಳು. ಕೊನೆಗೆ ಅಮ್ಮ, ಒಂದು ಸಲ ಕಣ್ಣಾರೆ ನೋಡಿ ಆಮೇಲೆ ಏನು ಬೇಕಾದರೂ ಹೇಳಿ ಎಂದು ಮಾವನನ್ನು ಕೇಳಿಕೊಂಡರು. ನರಸೀಪುರದ ಕಡೆಯ ಹೆಮ್ಮಿಗೆಯ ಸೊಸೈಟಿಯ ಹೊಸ ಗೋಡೌನಿನ ಪೂಜೆಗೆ ತಾತನನ್ನೇ ಕರೆದಿದ್ದರು. ಅದೇ ದಿನ ಸಾಯಂಕಾಲ ತಂಗಿಯ ನೃತ್ಯ. ಅಲ್ಲಿ ನೋಡಿ ಹೇಳ್ತೀನಿ ಅಂದರು ತಾತ. ಏನು ಹೇಳುತ್ತಾರೆ ಎನ್ನುವುದು ನಮಗೆಲ್ಲ ಗೊತ್ತಿತ್ತು. ಶಾಲೆಯ ಕೆಲಸದಲ್ಲಿದ್ದ ಅಪ್ಪ ಪರೀಕ್ಷೆ ಕೆಲಸ ಇದೆ ಎಂದು ಹೇಳಿ ತಪ್ಪಿಸಿಕೊಂಡರು.

ಗೋಡೌನಿನ ಮುಂದಿನ ಜಗುಲಿಯೇ ವೇದಿಕೆ. ಲಾರಿಗೆ ಮೂಟೆ ಏರಿಸಲು ಕಟ್ಟಿದ್ದು, ಎರಡು ಕಡೆಗೂ ಮೆಟ್ಟಿಲು. ತಾತ ಮುಂದಿನ ಸಾಲಿನಲ್ಲಿ ಅಂಗವಸ್ತ್ರ ಸರಿಮಾಡಿಕೊಂಡು, ತೀರ್ಪು ಆಗಲೇ ಬರೆದಿಟ್ಟುಕೊಂಡವರ ಹಾಗೆ ಕೂತಿದ್ದರು. ಅಂದು ಸೋಮವಾರ. ಮೇಷ್ಟರಿಗೆ ನೆಗಡಿ. ಅಮ್ಮ ಮೆಣಸಿನ ಕಷಾಯವನ್ನು ತಾಮ್ರದ ಚೊಂಬಿನಲ್ಲಿ ಹಾಕಿ, ಒಂದು ಚಮಚದ ಸಮೇತ ಅವರ ಪಕ್ಕ ಇಟ್ಟಿದ್ದರು.

ಕೊನೆಯದು ಶಿವನ ಕೀರ್ತನೆ. ಮುಗಿಯುವಾಗ ತಂಗಿ ಬಲಗಾಲ ಮೇಲೆ ನಿಂತು, ಎಡಗಾಲನ್ನು ಅಡ್ಡಲಾಗಿ ಎತ್ತಿ ನಟರಾಜನ ಭಂಗಿ ಹಿಡಿಯಬೇಕು. ಮೇಷ್ಟ್ರು ಕೊನೆಯ ಸಾಲನ್ನು ಹಾಡಿ, ಮುಕ್ತಾಯದ ಜತಿ ಹೇಳಿ ತಾಳ ತಟ್ಟಿದ ಮೇಲೆಯೇ ಕಾಲು ಇಳಿಸಬೇಕು. ಅದು ಅವರ ಪಾಠದ ಕಟ್ಟುನಿಟ್ಟು. ಅವಳು ಕಾಲೆತ್ತಿದಳು. ಆಗ ಮುಂದೆ ನೆಲದ ಮೇಲೆ ಕೂತಿದ್ದ ಒಬ್ಬ ಮುದುಕಿ ಎದ್ದಳು. ಸಾಯಂಕಾಲದ ಪೂಜೆಗೆಂದು ಸೆರಗಿನಲ್ಲಿ ತುಂಬೆ ಹೂ ಕಟ್ಟಿಕೊಂಡಿದ್ದಳು ಅಂತ ಕಾಣುತ್ತದೆ. ಮೆಟ್ಟಿಲು ಹತ್ತಿ ಬಂದಳು, ತಂಗಿಯ ಮುಂದೆ ನಿಂತು ಸ್ವಲ್ಪ ಹೊತ್ತು ಯೋಚಿಸಿದಳು. ಒಂದು ಕಾಲು ನೆಲದಲ್ಲಿ, ಒಂದು ಗಾಳಿಯಲ್ಲಿ. ಗಾಳಿಯಲ್ಲಿದ್ದ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ತಂಗಿ ತೂಗಾಡಿದಳು, ಬೀಳಲಿಲ್ಲ. ಮುದುಕಿಯ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮಗು ಎತ್ತಿಕೊಂಡ ಒಬ್ಬ ಹೆಂಗಸು, ಆಮೇಲೆ ಗಂಡಸರು. ಜನ ಕೈಮುಗಿಯುತ್ತಿರುವಾಗ ಶಿವನ ಹೆಸರಿರುವ ಸಾಲನ್ನು ನಿಲ್ಲಿಸಲು ಮೇಷ್ಟರಿಗೆ ಮನಸ್ಸು ಬರಲಿಲ್ಲ. ಅದನ್ನೇ ಮತ್ತೆ ಮತ್ತೆ ಹಾಡಿದರು. ಅವರು ನಿಲ್ಲಿಸದೆ ಕಾಲು ಇಳಿಸಲು ತಂಗಿಗೆ ಧೈರ್ಯವಿಲ್ಲ. ಕಾಲು ಇಳಿಯುವ ತನಕ ಜನ ನಿಲ್ಲುವುದಿಲ್ಲ. ಅವಳ ಮೀನಖಂಡ ನಡುಗುತ್ತಿರುವುದು ನನಗೆ ಕಾಣುತ್ತಿತ್ತು. ಬಿದ್ದರೆ, ಗೆಜ್ಜೆ ಬಿಚ್ಚಿಡು ಎನ್ನಲು ತಾತನಿಗೆ ಬೇರೆ ಕಾರಣವೇ ಬೇಕಿರಲಿಲ್ಲ.

ತಾತ ಎದ್ದದ್ದನ್ನು ಕಂಡೆ. ಮುಗಿಯಿತು, ಈಗ ಕಾರ್ಯಕ್ರಮ ನಿಲ್ಲಿಸುತ್ತಾರೆ ಅಂದುಕೊಂಡೆ. ಅವರು ಮೆಟ್ಟಿಲು ಹತ್ತಿ ಬಂದು ತಂಗಿಯ ಪಕ್ಕ ಬಾಗಿಲು ಕಾಯುವವರಂತೆ ನಿಂತರು.

"ಎತ್ತಿದ ಕಾಲು ಮುಟ್ಟಬೇಡಿ. ದೂರದಿಂದ ಮುಗೀರಿ. ಮುಗಿದೋರು ಆ ಕಡೆ ಮೆಟ್ಟಲಲ್ಲಿ ಇಳೀರಿ, ನಿಲ್ಲಬೇಡಿ, ನಡೀರಿ ಮುಂದಕ್ಕೆ."

ಯೋಚಿಸಿ ಆಡಿದ್ದಲ್ಲ. ಜನ ಸಾಲಾಗಿ ಬಂದರೆ ಅವರ ಬಾಯಿಗೆ ತಾನಾಗಿ ಬರುತ್ತಿದ್ದ ಮಾತು ಅದು. ಹಾಗೆಯೇ, ಮೊದಲು ಬಂದವನು ಬೊಗಸೆ ಒಡ್ಡಿದಾಗ ಅವರ ಕೈ ತಾನಾಗಿ ಪಕ್ಕಕ್ಕೆ ಹೋಯಿತು. ಅಲ್ಲಿ ಮೇಷ್ಟರ ಕಷಾಯದ ತಾಮ್ರದ ಚೊಂಬಿತ್ತು, ಚಮಚವಿತ್ತು. ಬೇಡ ಅನ್ನಲು ಮೇಷ್ಟ್ರು ಹಾಡು ನಿಲ್ಲಿಸಬೇಕಾಗಿತ್ತು. ತಾತ ಮಂತ್ರ ಹೇಳುತ್ತಾ ಎಲ್ಲರಿಗೂ ಕಷಾಯ ಕೊಟ್ಟರು. ಗುಡಿಯಲ್ಲಾದರೆ ಯಾರು ಎಲ್ಲಿ ನಿಲ್ಲಬೇಕೆಂದು ಅವರಿಗೆ ಒಂದು ಲೆಕ್ಕವಿತ್ತು. ಇಲ್ಲಿ ಯಾರು ಯಾವ ಕೇರಿಯವರೆಂದು ಕೇಳಲಿಲ್ಲ. ಕೇಳಲು ಪುರಸೊತ್ತೂ ಇರಲಿಲ್ಲ.

ತೀರ್ಥ ಕುಡಿದ ಒಬ್ಬ ರೈತ ಕೆಮ್ಮಿ, "ಇದೇನ್ಲಾ, ಬಲೇ ಕಾರ ಅದೆ" ಅಂದ.

ಹಿಂದಿದ್ದವನು, "ನಂಜುಂಡಪ್ಪ ಕಣ್ಲಾ, ಯಿಸ ಕುಡ್ದೋನು. ಸಿಹಿಯಾಗಿ ಇದ್ದಾತಾ?" ಅಂದ.

ಅಷ್ಟು ಹೊತ್ತಿಗೆ ತಂಗಿಯ ಕೈಲಾಗಲಿಲ್ಲ. ಮೃದಂಗದ ಒಂದು ಮುಕ್ತಾಯ ಹಿಡಿದು ಸರಕ್ಕನೆ ಸುತ್ತಿ, ಎಡಗಾಲ ಮೇಲೆ ನಿಂತು ಬಲಗಾಲು ಎತ್ತಿದಳು. ಸಾಲು ಗಕ್ಕನೆ ನಿಂತಿತು. ದೇವರು ಕಾಲು ಬದಲಾಯಿಸುವುದನ್ನು ಅವರು ನೋಡಿರಲಿಲ್ಲ. ಮೇಷ್ಟರ ಮುಖ ಬಿಳಿಚಿಕೊಂಡಿತು. ನಾನು ಶ್ರುತಿ ಒತ್ತುವುದನ್ನೇ ಮರೆತೆ.

ತಾತ ಜನರ ಕಡೆ ತಿರುಗಿದರು. ಮಧುರೆಯಲ್ಲಿಯೂ ಹೀಗೆ ಆದದ್ದುಂಟು ಎಂದು ಗಟ್ಟಿಯಾಗಿ ಹೇಳಿದರು. ಅಲ್ಲಿಯ ಒಬ್ಬ ರಾಜ ನೃತ್ಯ ಕಲಿಯುವುದಕ್ಕೆ ಹೊರಟನಂತೆ. ಕಲಿತ ಮೇಲೆಯೇ ಅವನಿಗೆ ಕಾಲುನೋವು ಅಂದರೆ ಏನೆಂದು ತಿಳಿದದ್ದು. ಅಯ್ಯೋ, ನಮ್ಮಪ್ಪ ಎಷ್ಟು ಕಾಲದಿಂದ ಒಂದೇ ಕಾಲಲ್ಲಿ ನಿಂತಿದ್ದಾನಲ್ಲ ಎಂದು ಸಂಕಟಪಟ್ಟು ಬೇಡಿಕೊಂಡನಂತೆ. ಶಿವ ಅವನಿಗಾಗಿ ಕಾಲು ಬದಲಾಯಿಸಿದ. ಕಥೆ ಹೇಳುತ್ತಾ ತಾತ ಒಮ್ಮೆ ತಂಗಿಯ ಕಾಲನ್ನು ನೋಡಿದರು. ನೋಡಿ, ಉಳಿದದ್ದನ್ನು ಬೇಗ ಬೇಗ ಮುಗಿಸಿದರು.

ಕಥೆ ಮುಗಿದದ್ದೇ, ಒಮ್ಮೆ ಇಳಿದು ಹೋದವರೆಲ್ಲ ಇನ್ನೊಂದು ಕಾಲಿಗೂ ಮುಗಿಯಲು ಮತ್ತೆ ಸಾಲಿಗೆ ಬಂದು ನಿಂತರು. ಆದರೆ ಚೊಂಬು ಖಾಲಿಯಾಗಿತ್ತು. ತೀರ್ಥ ಮುಗೀತು, ಇನ್ನು ಎಲ್ಲರೂ ಕೂತ್ಕೊಳ್ಳಿ ಎಂದು ತಾತ ಮೇಷ್ಟರಿಗೆ ಕೈಸನ್ನೆ ಮಾಡಿದರು. ಮೇಷ್ಟ್ರು ಜತಿ ಹೇಳಿ ತಾಳ ತಟ್ಟಿದರು. ತಂಗಿ ಕಾಲು ಇಳಿಸಿದಳು.

ವಾಪಸು ಬರುವಾಗ ನರಸೀಪುರದಲ್ಲಿ ನಂಜನಗೂಡಿನ ಬಸ್ಸಿಗೆ ಅವಳು ಹತ್ತಲಾರದೆ ಕಂಬಿ ಹಿಡಿದು ನಿಂತಳು. ಕಂಡಕ್ಟರು ಬೇಗ ಹತ್ತಿ ಎಂದು ಅವಸರಪಡಿಸಿದ. ಮಗೂಗೆ ಕಾಲು ಹಿಡಿದಿದೆ, ಸ್ವಲ್ಪ ತಡಿಯಪ್ಪ ಎಂದು ತಾತ ಅವಳ ತೋಳು ಹಿಡಿದು ಹತ್ತಿಸಿದರು. ಅವರು ಅವಳನ್ನು ಮಗು ಎಂದು ಕರೆದು ಬಹಳ ದಿನವಾಗಿತ್ತು.

ಊರು ದಾಟಿದ ಮೇಲೆ ಅಮ್ಮ ಕೇಳಿದರು. "ಮಾವ, ನೋಡಿ ಹೇಳ್ತೀನಿ ಅಂದಿದ್ರಿ."

ತಾತ ಕಿಟಕಿಯ ಕಡೆ ನೋಡುತ್ತಾ ಹೇಳಿದರು. "ಮಧ್ಯದಲ್ಲಿ ಕಾಲು ಬದಲಾಯಿಸಿದ್ದು ತಪ್ಪು."

ನಾನು ಆಸೆ ಬಿಟ್ಟೆ.

"ಇನ್ನೂ ಗಟ್ಟಿ ನಿಲ್ಲೋದನ್ನ ಮೇಷ್ಟ್ರು ಹೇಳಿಕೊಡಬೇಕು," ಅಂದರು ತಾತ.

ಅಮ್ಮನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಾಳೆ ಎಂದು ನಾವು ತಿಳಿದಿದ್ದ ತಂಗಿ ಕಣ್ಣು ಬಿಡದೆಯೇ ಕೇಳಿದಳು. "ಹಾಗಾದ್ರೆ ಶನಿವಾರ ಹೋಗ್ಲಾ ತಾತ?"

"ಪ್ರತಿ ಶನಿವಾರ ಹೋಗ್ತಾನೇ ಇದ್ದೀಯಲ್ಲ, ಅದನ್ನೇನು ಹೊಸದಾಗಿ ಕೇಳೋದು," ಅಂದರು ತಾತ, ಬೇಡ ಎಂದು ಮನೆಯಲ್ಲಿ ಯಾರೂ ಯಾವತ್ತೂ ಹೇಳಿಯೇ ಇರಲಿಲ್ಲ ಎನ್ನುವ ಹಾಗೆ.