ಹಾಳೆ ಕಟ್ಟಿದ ಕಾಲು

ಅಘನಾಶಿನಿಯಲ್ಲಿ ದೇವು ಎಂದರೆ ಯಾವ ದೇವು ಎಂದು ಕೇಳುವವರಿದ್ದರು. ಹಾಳೆ ದೇವು ಎಂದರೆ ಮಾತ್ರ ಸಣ್ಣ ಮಕ್ಕಳೂ ಮನೆ ತೋರಿಸುತ್ತಿದ್ದವು. ಹೊಳೆಯ ಉಪ್ಪುನೀರು ಏರಿ ಇಳಿಯುವ ಕೆಸರುಗದ್ದೆಗೆ ಅಲ್ಲಿ ಗಜನಿ ಎನ್ನುತ್ತಾರೆ. ಆ ಗಜನಿಗೆ ಇಳಿಯುವ ಮುಂಚೆ ದೇವು ಎರಡೂ ಕಾಲಿಗೆ, ಪಾದದಿಂದ ಮಂಡಿಯವರೆಗೆ, ಅಡಿಕೆ ಹಾಳೆ ಸುತ್ತಿ ಹುರಿಯಿಂದ ಬಿಗಿಯುತ್ತಿದ್ದ. ಎರಡು ಪದರ ಹಾಳೆ, ನಡುವೆ ತೆಂಗಿನ ನಾರು. ನಡೆದರೆ ಚರ್ ಚರ್ ಎಂದು ಊರಿಗೆಲ್ಲ ಕೇಳಬೇಕು. ಹಳದೀಪುರದ ತೋಟವೊಂದರಲ್ಲಿ ಕೆಲಸಕ್ಕಿದ್ದ ದೊಡ್ಡಪ್ಪನ ಮಗ ಹೊನ್ನನಿಗೆ ಗೋಗರೆದು ಹಾಳೆ ತರಿಸಿಕೊಳ್ಳುತ್ತಿದ್ದ. "ಎಲ್ಲರೂ ಅಡಿಕೆ ಕೇಳ್ತರು, ಇಂವ ಹಾಳೆ ಕೇಳ್ತ ಮಾರಾಯ" ಎಂದು ಹೊನ್ನ ಹೋದಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದ.

ನಗುವವರಿಗೇನು, ನಗಲಿ. ದೇವುವಿನ ಅಪ್ಪ ಇದೇ ಗಜನಿಯ ಒಡ್ಡಿನ ಮೇಲೆ ಕೊಳಕುಮಂಡಲ ಹಾವು ಕಚ್ಚಿ ಸತ್ತಿದ್ದ. ಆ ಕಾಲು ಊದಿಕೊಂಡು ಕಪ್ಪಾಗಿದ್ದನ್ನು ಕಂಡ ಮೇಲೆ ಮಗನ ಹೆದರಿಕೆಗೆ ಮೇರೆ ಇಲ್ಲದಾಯಿತು. ಮುಂದಿನ ನೆಲವನ್ನು ಕೋಲಿನಿಂದ ಬಡಿಯದೆ ಅವನು ಹೆಜ್ಜೆ ಕಿತ್ತಿಡುತ್ತಿರಲಿಲ್ಲ. ಏಡಿಯ ಬಿಲಕ್ಕೆ ಕೈ ಹಾಕುತ್ತಿರಲಿಲ್ಲ. ಉರುಳಿಗೆ ಬಿದ್ದ ಹಕ್ಕಿಯನ್ನು ಸಹ ಮೊದಲು ಕೋಲಿನಿಂದ ಹೊರಳಿಸಿ, ಅಡಿಯಲ್ಲಿ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಎತ್ತಿಕೊಳ್ಳುತ್ತಿದ್ದ. ಅಷ್ಟು ಹೆದರುವವ ಮನೆಯಲ್ಲೇ ಇರಬಹುದಿತ್ತಲ್ಲ ಎಂದರೆ, ಕೆಸರಿನ ಹುಲ್ಲಲ್ಲಿ ಅಡಗುವ ನೀರುಹಕ್ಕಿ ಹುಂಡುಕೋಳಿಗೆ ಉರುಳು ಒಡ್ಡುವುದರಲ್ಲಿ ಅವನನ್ನು ಮೀರಿಸುವ ಕೈ ಆ ದಂಡೆಯಲ್ಲಿ ಇರಲಿಲ್ಲ. ಹೆದರುತ್ತಲೇ ಹೋಗುತ್ತಿದ್ದ, ಹಕ್ಕಿ ಹಿಡಿದುಕೊಂಡೇ ಬರುತ್ತಿದ್ದ.

ಅದು ಲಡಾಯಿಯ ಕಾಲ. ಅಕ್ಕಿ ಕಂಟ್ರೋಲಿಗೆ ಬಂದು, ಮನೆಮನೆಯ ಗಂಜಿ ದಿನದಿಂದ ದಿನಕ್ಕೆ ತೆಳ್ಳಗಾಗುತ್ತಿತ್ತು. ದೇವುವಿನ ಹೆಂಡತಿ ಗಂಗಿ ತುಂಬಿದ ಬಸುರಿ. ಹಿಂದೆ ಎರಡು ಸಲ ಬಸುರಾಗಿ ಎರಡು ಸಲವೂ ಮಡಿಲು ಬರಿದಾಗಿತ್ತು. ಈ ಸಲ ಅವಳ ಮುಖ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಗಂಜಿ ಕಂಡರೆ ಮುಖ ತಿರುಗಿಸುತ್ತಿದ್ದಳು. ಹುಂಡುಕೋಳಿಯ ಸಾರು ಒಂದು ಸಲ ಸಿಕ್ಕಿದ್ದರೆ ಎಂದು ಬಾಯಿಬಿಟ್ಟು ಕೇಳಿದ್ದಳು.

ದೇವು ಉರುಳು ತೆಗೆದದ್ದು ಕಂಡು ತಾಯಿ ಬಂಗಾರಿ ಬಾಗಿಲಿಗೆ ಅಡ್ಡ ನಿಂತಳು.

"ಬಸುರಿ ಗಂಡ ಹುಳ ಹೊಡೀಬಾರ್ದು, ನೆನಪದೆಯಲ್ಲ? ಹೊಟ್ಟೇಲಿದ್ದದ್ದಕ್ಕೆ ತಾಗ್ತದೆ."

"ನೆನಪದೆ ಅವ್ವಿ."

"ಕೋಳೀನೂ ನೀ ಕೊಯ್ಯೂದು ಬ್ಯಾಡ. ಪಾಂಡು ಕೊಯ್ಲಿ."

ಹಾವನ್ನು ಬಂಗಾರಿ ಹುಳ ಎಂದೇ ಹೇಳುತ್ತಿದ್ದಳು. ಹೆಸರೆತ್ತಿದರೆ ಎದುರಿಗೆ ಬರುತ್ತದೆ ಎಂಬ ಭಯ. ಅವಳು ಅಷ್ಟು ಒತ್ತಿ ಹೇಳಿದ್ದಕ್ಕೆ ಕಾರಣವಿತ್ತು. ಹಿಂದಿನ ಸಲ ಗಂಗಿ ಬಸುರಿಯಾಗಿದ್ದಾಗ ಅಡಿಗೆಮನೆಯ ಮಾಡಿನಿಂದ ಇಳಿದ ಹಾವೊಂದನ್ನು ದೇವು ಹೆದರಿ ಬಡಿದು ಕೊಂದಿದ್ದ. ಆಮೇಲೆ ಹುಟ್ಟಿದ ಮಗುವಿಗೆ ಉಸಿರಿರಲಿಲ್ಲ. ಮನೆಯಲ್ಲಿ ಯಾರೂ ಅವನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಪಾಂಡು ಗಂಗಿಯ ತಮ್ಮ. ಅಕ್ಕನನ್ನು ನೋಡಲು ಹೊಳನಗದ್ದೆಯಿಂದ ಬಂದವನು. ಆ ಸಂಜೆ ಒಡ್ಡಿದ ಉರುಳು ನೋಡಲು ಮರುದಿನ ಬೆಳಿಗ್ಗೆ ನೀರು ಇಳಿದ ಹೊತ್ತಿಗೆ ಇಬ್ಬರೂ ಹೊರಟರು.

"ಇನ್ನೊಂದು ಜೊತೆ ಅದೆ, ಕಟ್ಕ" ಎಂದು ದೇವು ಹಾಳೆ ಚಾಚಿದ.

"ನಂಗೆಂತಕ್ಕೆ ಭಾವ? ನಾನೆಂತ ಬಸುರಿಯ?" ಪಾಂಡು ಬರಿಗಾಲಲ್ಲೇ ಮುಂದೆ ನಡೆದ. "ನೀ ಹೀಂಗೆ ಚರಚರ ಮಾಡ್ಕಂಡು ಬಂದ್ರೆ ಹುಂಡುಕೋಳಿ ಹೊಳೆ ದಾಟಿ ಗೋಕರ್ಣಕ್ಕೆ ಹೋಗ್ತದೆ."

ಕೊಯ್ಲು ಮುಗಿದ ಗದ್ದೆಯಲ್ಲಿ ಕೆಸರು ಇನ್ನೂ ಮೆತ್ತಗಿತ್ತು. ಒಡ್ಡಿನ ಎರಡೂ ಬದಿಗೆ ಹುಲ್ಲು ಸೊಂಟದೆತ್ತರ ಬೆಳೆದಿತ್ತು, ಅದರ ನಡುವೆ ಹೊಳೆಚುಳ್ಳಿಯ ಮುಳ್ಳು. ದೇವು ಕೋಲು ಬಡಿಯುತ್ತ ಹಿಂದಿನಿಂದ, "ಮೆಲ್ಲ ಪಾಂಡು, ನೋಡ್ಕಂಡು ಪಾಂಡು" ಎಂದು ಗೊಣಗುತ್ತಲೇ ಬಂದ. ಹುಲ್ಲು ಅಲ್ಲಾಡಿದರೆ ನಿಂತು ಮತ್ತೆರಡು ಸಲ ಬಡಿಯುತ್ತಿದ್ದ. ಮೊದಲ ಉರುಳು ಖಾಲಿ. ಅದರ ಆಚೆಯದರಲ್ಲಿ ಹುಂಡುಕೋಳಿ ಸಿಕ್ಕಿಬಿದ್ದು ಪಟಪಟ ರೆಕ್ಕೆ ಬಡಿಯುತ್ತಿತ್ತು.

"ಬಿತ್ತು ಭಾವ!" ಎಂದು ಪಾಂಡು ಓಡಿಹೋಗಿ ಕುಕ್ಕರುಗಾಲಲ್ಲಿ ಕುಳಿತು ಉರುಳು ಬಿಡಿಸತೊಡಗಿದ. ಕೋಲಿನಿಂದ ಹೊರಳಿಸಿ ನೋಡುವ ತಾಳ್ಮೆ ಅವನಿಗೆಲ್ಲಿಯದು?

ದೇವು ಹತ್ತಿರ ಬಂದವನು ನಿಂತಲ್ಲೇ ನಿಂತ. ಪಾಂಡುವಿನ ಹಿಮ್ಮಡಿಯ ಹಿಂದೆ, ಗೇಣು ದೂರದಲ್ಲಿ, ದಪ್ಪನೆಯ ಕೊಳಕುಮಂಡಲ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಹಕ್ಕಿಯ ಗಲಾಟೆಗೆ ಕೆರಳಿ ಅದು ಆಗಲೇ ಕತ್ತು ಹಿಂದಕ್ಕೆಳೆದುಕೊಂಡಿತ್ತು. ಸುಸ್ ಎಂಬ ಅದರ ಉಸಿರು ರೆಕ್ಕೆಯ ಸದ್ದಿನಲ್ಲಿ ಪಾಂಡುವಿಗೆ ಕೇಳಲಿಲ್ಲ.

ಕೂಗಿದರೆ ಪಾಂಡು ಹಿಂದಕ್ಕೆ ಹಾರುತ್ತಾನೆ, ಹಾರಿದರೆ ಅದರ ಮೇಲೆಯೇ. ಕೋಲಿನಿಂದ ತಳ್ಳಿದರೆ ಅವನ ಬೆನ್ನಿಗೇ ಬಿದ್ದೀತು. ಕೋಲು ಎತ್ತಿ ಒಂದೇ ಏಟು ಹಾಕಿದರೆ ಮುಗಿಯಿತು. ಹೊಡೆಯಬಲ್ಲ ಕೈಯೇ ಅದು. ಆದರೆ ಉಸಿರಿಲ್ಲದ ಆ ಮಗುವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಒಯ್ದದ್ದೂ ಅದೇ ಕೈ. ನಂಬಿಕೆ ಸರಿಯೋ ತಪ್ಪೋ ಎಂದು ಒಡ್ಡಿನ ಮೇಲೆ ನಿಂತು ವಾದ ಮಾಡಲು ಅವನಿಗೆ ಪುರುಸೊತ್ತಿರಲಿಲ್ಲ. ಕೈಯಲ್ಲಿದ್ದ ಕೋಲನ್ನು ಕೆಸರಿಗೆ ಬಿಟ್ಟ. ಊರಿಗೆಲ್ಲ ಪುಕ್ಕಲನಾದ ದೇವು ತನ್ನ ಬಲಗಾಲನ್ನು ಹಾವಿಗೂ ಪಾಂಡುವಿನ ಹಿಮ್ಮಡಿಗೂ ನಡುವೆ ತಂದಿಟ್ಟ.

ಟಪ್ ಎಂದಿತು. ಹಲ್ಲು ಹಾಳೆಗೆ ನೆಟ್ಟು ಹಾವು ಒಂದು ಗಳಿಗೆ ಜೋತಾಡಿತು. ಮತ್ತೆ ಕಿತ್ತುಕೊಂಡು ಹುಲ್ಲಿನೊಳಗೆ ಸರಿಯಿತು. ಹಕ್ಕಿ ಹಿಡಿದುಕೊಂಡೇ ತಿರುಗಿದ ಪಾಂಡು ಮೊದಲು ಅದರ ಬಾಲ ಕಂಡ, ಆಮೇಲೆ ದೇವುವಿನ ಕಾಲು ಕಂಡ. ಹೊರಹಾಳೆಯ ಮೇಲೆ ಎರಡು ಸಣ್ಣ ತೂತು, ಹಸಿ ಹಸಿ.

ಹುರಿ ಬಿಚ್ಚಿ ನೋಡಿದರೆ ಇನ್ನೊಂದು ಗ್ರಹಚಾರ. ಹಾಳೆಯ ಸಂದಿಯಲ್ಲಿ ನುಗ್ಗಿದ ಮುಳ್ಳು ಗೀರಿ ಆ ಕಾಲಿನ ತುಂಬ ರಕ್ತದ ಗೆರೆಗಳಿದ್ದವು. ಯಾವುದು ಮುಳ್ಳಿನದು, ಯಾವುದು ಹಲ್ಲಿನದು? ಪಾಂಡು ಹಕ್ಕಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ತನ್ನ ಟವೆಲನ್ನು ಭಾವನ ಮಂಡಿಯ ಮೇಲೆ ಬಿಗಿದು, ಅವನನ್ನು ಬೆನ್ನ ಮೇಲೆ ಹೊತ್ತು ಓಡಿದ. ಬೆನ್ನ ಮೇಲಿದ್ದ ದೇವುವಿಗೆ ಅಪ್ಪನ ಕಪ್ಪು ಕಾಲೇ ಕಣ್ಣ ಮುಂದೆ.

ಮನೆಯಲ್ಲಿ ಬಂಗಾರಿ ಅಳಲಿಲ್ಲ. ಡಬ್ಬಿ ತಡಕಿ ಒಳ್ಳೆಮೆಣಸಿನ ಕಾಳು ತಂದು ಮಗನ ಬಾಯಿಗೆ ಹಾಕಿದಳು. ವಿಷ ಏರಿದವರಿಗೆ ಖಾರ ತಿಳಿಯುವುದಿಲ್ಲ ಎಂಬುದು ಅಲ್ಲಿಯ ಪರೀಕ್ಷೆ.

"ಖಾರ ಅದೆಯ?"

ದೇವು ಅಗಿದ. ಮತ್ತೆ ಅಗಿದ. "ಇಲ್ಲ ಅವ್ವಿ. ಎಂತದೂ ಗೊತ್ತಾಗೂದಿಲ್ಲ."

ಬಂಗಾರಿ ಕುಸಿದು ಕುಳಿತು ಎದೆ ಬಡಿದುಕೊಳ್ಳತೊಡಗಿದಳು. ಪಾಂಡು ಕಂಬಕ್ಕೆ ಹಣೆ ಒತ್ತಿ ನಿಂತ. ಗಂಗಿ ಒಬ್ಬಳೇ ಡಬ್ಬಿಗೆ ಕೈಹಾಕಿ ಒಂದು ಕಾಳು ತನ್ನ ಬಾಯಿಗೆ ಹಾಕಿಕೊಂಡಳು. ಅಗಿದು ಉಗಿದಳು.

"ನಂಗೂ ಖಾರ ಇಲ್ಲ. ಇದು ಯಾವ ಕಾಲದ್ದೋ, ಹುಳ ತಿಂದು ಹೊಟ್ಟಾಗದೆ."

ಹೊಟ್ಟೆ ಹಿಡಿದುಕೊಂಡು ಅಂಗಳಕ್ಕೆ ಹೋಗಿ ಗಿಡದಿಂದ ಸೂಜಿಮೆಣಸು ಹರಿದು ತಂದಳು. ದೇವು ಕಚ್ಚಿದ್ದೇ ತಡ, ಕೆಮ್ಮು ಹತ್ತಿತು, ಮೂಗು ಸೋರಿತು, ಕಣ್ಣಿನಿಂದ ದಳದಳ ನೀರು. ನೀರು ನೀರು ಎಂದು ಕೂಗುವ ಮಗನನ್ನು ನೋಡಿ ಬಂಗಾರಿ ಅಳುತ್ತ ನಕ್ಕಳು. ಪಾಂಡು ಟವೆಲು ಬಿಚ್ಚಿದ. ಆದರೂ ಸಂಜೆಯವರೆಗೆ ಎಲ್ಲರ ಕಣ್ಣೂ ಆ ಕಾಲಿನ ಮೇಲೆಯೇ. ಅದು ಊದಲಿಲ್ಲ.

ಸಾರು ಕುದಿಯುವಾಗ ಗಂಗಿ ಅವನ ಬಳಿ ಬಂದು ಕುಳಿತಳು. ಬೆಳಿಗ್ಗೆಯಿಂದ ಕೇಳಲು ಹೆದರಿದ್ದನ್ನು ಈಗ ಕೇಳಿದಳು.

"ಅದನ್ನ ಹೊಡದ್ರ?"

"ಇಲ್ಲ" ಎಂದ ದೇವು. "ಕಾಲು ಕೊಟ್ಟೆ."

ಅಷ್ಟು ಹೊತ್ತು ಗಟ್ಟಿಯಾಗಿದ್ದವಳು ಅವನ ಗೀರುಬಿದ್ದ ಕಾಲು ಹಿಡಿದುಕೊಂಡು ಜೋರಾಗಿ ಅತ್ತಳು.

ಮಗು ಹುಟ್ಟಿತು, ಹೆಣ್ಣು. ಹುಟ್ಟಿದಾಗ ಅದು ಅತ್ತ ಅಬ್ಬರಕ್ಕೆ ಪಕ್ಕದ ಮನೆಯವರೂ ಎದ್ದು ಬಂದರು. ದುರ್ಗಿ ಎಂದು ಹೆಸರಿಟ್ಟರು. ಮಗಳು ಬಂದ ಮೇಲೆ ದೇವುವಿಗೆ ಧೈರ್ಯ ಬಂತೆಂದು ಯಾರಾದರೂ ತಿಳಿದರೆ ತಪ್ಪು. ಅವನ ಹೆದರಿಕೆ ಇಮ್ಮಡಿಯಾಯಿತು. ದುರ್ಗಿ ಗೋಡೆ ಹಿಡಿದು ಹೆಜ್ಜೆ ಇಡತೊಡಗಿದ ವಾರದಲ್ಲೇ ಅವನು ಅವಳನ್ನು ಅಂಗಳದಲ್ಲಿ ಕೂರಿಸಿಕೊಂಡು, ಆ ಪುಟ್ಟ ಕಾಲಿನ ಅಳತೆಗೆ ಹಾಳೆ ಕತ್ತರಿಸಿದ. ಅವಳು ಕಾಲು ಝಾಡಿಸುತ್ತಿದ್ದಳು. ಎದುರಿಗೆ ಕುಳಿತು ಅವಳ ಕಾಲು ಹಿಡಿದುಕೊಂಡು ಹುರಿ ಕಟ್ಟಿದವನು ಪಾಂಡು. ಹೊಳನಗದ್ದೆಯಿಂದ ಬರುವಾಗ ಅವನೂ ಎರಡು ಕಾಲಿಗೆ ಹಾಳೆ ಕಟ್ಟಿಕೊಂಡೇ ಬಂದಿದ್ದ.